ಬೀಗ ತೋರಿಸಿದಿರಿ, ದಾರಿ ಯಾರು ತೋರಿಸ್ತಾರೆ ಸರ್?

ಇವತ್ತು ಕಲಬುರಗಿಯ ಒಂದು ಕಾಲೇಜಿನಲ್ಲಿ ಬ್ಲಾಕ್‌ಚೈನ್ ಭಾಷಣ ಕೇಳಿ ಬಂದೆ. ಬ್ಲಾಕ್‌ಚೈನ್ ಅಂದರೆ ಸಾವಿರಾರು ಕಂಪ್ಯೂಟರ್‌ಗಳು ತಮ್ಮತಮ್ಮ ಹತ್ತಿರ ಇಟ್ಟುಕೊಂಡ ಒಂದೇ ಲೆಕ್ಕದ ಪುಸ್ತಕ; ವಹಿವಾಟು ಬರೆದ ಒಂದೊಂದು ಹಾಳೆ ಒಂದೊಂದು ಬ್ಲಾಕ್. ತಲೆ ಇನ್ನೂ ಬಿಸಿ ಇದೆ. ಪರದೆ ತುಂಬ ಒಂದು ಬೀಗದ ಚಿತ್ರ. ಕೆಳಗೆ "ಹ್ಯಾಕ್ ಮಾಡಲು ಸಾಧ್ಯವೇ ಇಲ್ಲ". ಹಿಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಹೊಸ ಬ್ಲಾಕ್ ಎಲ್ಲರಿಗೂ ಹ್ಯಾಂಗ ಮುಟ್ಟತದ?" ಅಂದಳು. "ಇಂಟರ್‌ನೆಟ್ ಮೂಲಕ" ಅಂದರು ಸಾಹೇಬರು. ಎಲ್ಲರೂ ನಕ್ಕರು. ಇಡೀ ಮಧ್ಯಾಹ್ನ ಬಂದ ಒಳ್ಳೆ ಪ್ರಶ್ನೆ ಅದೊಂದೇ!

ಬ್ಲಾಕ್ ಆಕಾಶದಿಂದ ಉದುರಲ್ಲ. ಒಂದು ನೋಡ್ (ಜಾಲದ ಒಂದು ಕಂಪ್ಯೂಟರ್) ಪಕ್ಕದ ನೋಡ್‌ಗೆ ಕೊಡಬೇಕು, ಅದು ಪರೀಕ್ಷಿಸಿ ಮುಂದೆ ದಾಟಿಸಬೇಕು. 2013ರಲ್ಲಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಜಾಲವನ್ನು ಅಳೆದಾಗ, 40 ಸೆಕೆಂಡಾದರೂ ಶೇ. 5ರಷ್ಟು ನೋಡ್‌ಗಳಿಗೆ ಬ್ಲಾಕ್ ಮುಟ್ಟಿರಲಿಲ್ಲ. "ಹತ್ತು ನಿಮಿಷಕ್ಕೊಂದು ಬ್ಲಾಕ್, ಅರ್ಧ ನಿಮಿಷ ತಡವಾದ್ರೆ ಯಾರ ಗಂಟು ಹೋಗ್ತದೆ?" ಅಂದ ಜೊತೆಗಿದ್ದ ಗೆಳೆಯ. ಸಣ್ಣ ಮೈನರ್ ಗಂಟು ಹೋಗ್ತದೆ ದೋಸ್ತ, ಕಂಪ್ಯೂಟರ್ ಓಡಿಸಿ ಹೊಸ ಬ್ಲಾಕ್ ಕಟ್ಟೋನದು. ಸುದ್ದಿ ತಿಳಿಯದೆ ಹಳೇ ಬ್ಲಾಕಿನ ಮೇಲೇ ಕರೆಂಟ್ ಸುಡ್ತಾ ಕೂತಿರ್ತಾನೆ.

ಇದಕ್ಕೆ 2016ರಲ್ಲಿ ಬಂದ ಉಪಾಯ ಕಾಂಪ್ಯಾಕ್ಟ್ ಬ್ಲಾಕ್. ಬೇಳೆ, ಬೆಲ್ಲ ಆಗಲೇ ಮನೆಯಲ್ಲಿದ್ದರೆ ಮತ್ತೆ ಮೂಟೆ ಯಾಕೆ ಹೊರಬೇಕು? ಚೀಟಿ ಸಾಕು. ವಹಿವಾಟುಗಳು ಬಹುಪಾಲು ನೋಡ್ ಹತ್ತಿರ ಆಗಲೇ ಇರ್ತವೆ, ಹಾಗಾಗಿ ಒಂದೊಂದಕ್ಕೂ ಬರೀ 6 ಬೈಟ್ ಗುರುತು ಹೋಗುತ್ತೆ. ಇಲ್ಲದ್ದನ್ನು ಮಾತ್ರ ಕೇಳಿ ತರಿಸಿಕೊಳ್ಳೋದು.

ವೇಗದ ಕಥೆ ಬಿಡಿ. ಸುದ್ದಿ ಕೊಡುವ ಪಕ್ಕದವರೇ ಸುಳ್ಳರಾದರೆ? ಅಪ್ಪ ಒಂದು ವರ್ಷ ತೊಗರಿ ತಗೊಂಡು ಗಂಜ್ ಮಾರುಕಟ್ಟೆಗೆ ಹೋಗಿದ್ದರು. ಐದು ಜನ ಬೇರೆ ಬೇರೆ ಕಡೆ ಸಿಕ್ಕು, "ರೇಟ್ ಬಿದ್ದದ ಗೌಡ್ರ" ಅಂದರು. ಮಾರಿ ಬಂದರು. ಐವರೂ ಒಬ್ಬನೇ ಅಡತಿಯವನ ಕಡೆಯವರು ಅಂತ ಆಮೇಲೆ ಗೊತ್ತಾಯ್ತು. ಅಪ್ಪನ ಚೀಲ, ತಕ್ಕಡಿ ಎಲ್ಲ ಸರಿಯಾಗೇ ಇತ್ತು. ನೋಡ್ ಸುತ್ತ ಹೀಗೇ ಕಳ್ಳರು ನಿಂತರೆ ಅದಕ್ಕೆ ಎಕ್ಲಿಪ್ಸ್ ದಾಳಿ ಅಂತಾರೆ. 2015ರಲ್ಲೇ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದಾರೆ. ಬೀಗ ಗಟ್ಟಿ ಇತ್ತು ಸರ್, ಆಗಲೂ!

ನೋಡ್‌ಗಳ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಕಳಿಸೋದು ನೋಡ್ ನಡೆಸುವ ಬಿಟ್‌ಕಾಯಿನ್ ಕೋರ್ ತಂತ್ರಾಂಶದಲ್ಲಿ ತಾನಾಗೇ ಚಾಲೂ ಆದದ್ದು 2024ರಲ್ಲಿ. ಅಲ್ಲಿವರೆಗೂ ದಾರಿ ಬಯಲೇ.

ನಾನೇನು ಸಾಚಾ ಅಲ್ಲ. ಮನೇಲಿ ಎಂಟು ತಿಂಗಳು ನೋಡ್ ನಡೆಸಿದೆ, ರೂಟರ್‌ನಲ್ಲಿ ಪೋರ್ಟ್ (ಹೊರಗಿನ ನೋಡ್‌ಗಳು ಒಳಬರುವ ಬಾಗಿಲು) ಮಾತ್ರ ತೆರೆಯಲಿಲ್ಲ. ಹೊಸಬರು ಯಾರೂ ಬಂದು ಬಾಗಿಲು ಬಡಿಯುವ ಹಾಗೇ ಇರಲಿಲ್ಲ. ಹೆಂಡತಿ ಮುಂದೆ ಮಾತ್ರ "ಜಾಲ ನಡೆಸ್ತಿದೀನಿ" ಅಂತ ಜಂಬ.

ಆ ಹುಡುಗಿಗೆ ಇಷ್ಟನ್ನೂ ಹೇಳೋಣ ಅಂತ ಹೊರಗೆ ಓಡಿ ಬಂದೆ. ಬಸ್ ಹತ್ತಿ ಹೋಗಿದ್ದಳು. ಗೊತ್ತಿದ್ದವರು ಯಾರಾದರೂ ಮುಟ್ಟಿಸಿ.