ನೂರು ಅಡಿಯೊಳಗೆ ಹ್ಯಾಕರ್ ಇಲ್ಲ ತಾನೇ?

ಅಮೆರಿಕದ ಟೆಕ್ಸಾಸ್‌ನಲ್ಲಿ ಟ್ರ್ಯಾಕಿಂಗ್‌ಪಾಯಿಂಟ್ ಅಂತ ಒಂದು ಕಂಪನಿ ಇತ್ತು. ಜನ್ಮದಲ್ಲಿ ಕೋವಿ ಮುಟ್ಟದವನೂ ದೂರದ ಗುರಿಗೆ ನೇರವಾಗಿ ಹೊಡೆಯಬಹುದು ಅನ್ನುವುದು ಅದರ ವ್ಯಾಪಾರವಾಗಿತ್ತು. 2013ರಲ್ಲಿ ರೈಫಲ್ ಮಾರುಕಟ್ಟೆಗೆ ಬಿಟ್ಟಿತು. ಅದರ ಮೇಲಿರುವ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಬರೀ ಸ್ಕೋಪ್ ಅಲ್ಲ, ಲಿನಕ್ಸ್ ಓಡುವ ಕಂಪ್ಯೂಟರ್. ಗುಂಡಿ ಒತ್ತಿ ಗುರಿಯನ್ನು ಗುರುತು ಮಾಡಿದರೆ ಲೇಸರ್ ದೂರ ಅಳೆಯುತ್ತದೆ, ಗುಂಡು ಹೋಗ್ತಾ ಹೋಗ್ತಾ ಎಷ್ಟು ಕೆಳಗಿಳಿಯುತ್ತದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ನೀವು ಟ್ರಿಗರ್ ಎಳೆದು ಹಿಡಿದರೂ ಅದು ತಕ್ಷಣ ಹಾರಿಸುವುದಿಲ್ಲ. ನಿಮ್ಮ ಕೈ ನಡುಗುತ್ತಿದೆ ಅಂತ ಅದಕ್ಕೆ ಗೊತ್ತು. ಗುರುತಿನ ಮೇಲೆ ಸರಿಯಾಗಿ ಬಂದ ಕ್ಷಣ ಅದೇ ಹಾರಿಸುತ್ತದೆ.

ಗಾಳಿ ಎಷ್ಟಿದೆ ಅಂತ ಮಾತ್ರ ನೀವೇ ಹೇಳಬೇಕು. ಒಂದು ರೈಫಲ್‌ಗೆ 13,000 ಡಾಲರ್, ಅಂದರೆ 2015ರ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ಅಷ್ಟು ಕೊಟ್ಟ ಮೇಲೂ ಗಾಳಿಯ ಲೆಕ್ಕ ನಮ್ಮದೇ. ಗಾಳಿಯಲ್ಲಿ ಗುಂಡು ಹೊಡೆಯೋದು ಅಂದರೆ ಇದೇ ಇರಬೇಕು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೊಡೆದದ್ದನ್ನು ನಾಲ್ಕು ಜನಕ್ಕೆ ತೋರಿಸದಿದ್ದರೆ ಹೊಡೆದು ಏನು ಬಂತು, ಅಲ್ವಾ? ಅದಕ್ಕೇ ಕೋವಿಗೆ ವೈಫೈ ಹಾಕಿದರು. ಸ್ಕೋಪಿನಲ್ಲಿ ಕಂಡದ್ದೆಲ್ಲ ಸೀದಾ ಫೋನಿಗೆ.

ಕಂಪ್ಯೂಟರ್ ಭದ್ರತೆಯ ಸಂಶೋಧಕರಾದ ರೂನಾ ಸ್ಯಾಂಡ್ವಿಕ್, ಮೈಕೆಲ್ ಓಗರ್ ಅನ್ನುವ ಗಂಡ ಹೆಂಡತಿ ಇಂಥ ಎರಡು ರೈಫಲ್ ಕೊಂಡು, ಬಿಚ್ಚಿ, ತಿಂಗಳುಗಟ್ಟಲೆ ಕೂತು ಅದರೊಳಗೆ ನುಗ್ಗಿದರು, 2015ರಲ್ಲಿ ಅದನ್ನು ಬಯಲು ಮಾಡಿದರು. ವೈಫೈಗೆ ಕಂಪನಿಯೇ ಇಟ್ಟ ಪಾಸ್‌ವರ್ಡ್ ಇತ್ತಲ್ಲ, ದಾರಿ ಅಲ್ಲಿಂದಲೇ ತೆರೆಯಿತು. ಅವರು ಮಾಡಿದ್ದು ಇಷ್ಟೇ: ಗುಂಡಿನ ತೂಕ ಬದಲಾಯಿಸಿದರು. ಹನ್ನೊಂದು ಗ್ರಾಂ ಚಿಲ್ಲರೆ ಇದ್ದದ್ದನ್ನು 72 ಪೌಂಡ್ ಅಂತ ಬರೆದರು. ಹೆಚ್ಚುಕಮ್ಮಿ ಮೂವತ್ತೆರಡು ಕೆಜಿ! ಒಂದು ಮೂಟೆ ಅಕ್ಕಿಯಷ್ಟು ಭಾರದ ಗುಂಡು ನಳಿಗೆಯೊಳಗೆ ಹೇಗಪ್ಪ ಹಿಡಿಸಿತು ಅಂತ ಆ ಬುದ್ಧಿವಂತ ಕಂಪ್ಯೂಟರ್ ಒಂದು ಮಾತೂ ಕೇಳಲಿಲ್ಲ. ಸುಮ್ನೆ ನಂಬಿತು, ಶ್ರದ್ಧೆಯಿಂದ ಲೆಕ್ಕ ಹಾಕಿತು. ಗುಂಡು ಎರಡೂವರೆ ಅಡಿ ಎಡಕ್ಕೆ ಹೋಗಿ ಪಕ್ಕದ ಬೋರ್ಡಿನ ನಟ್ಟನಡುವೆ ಹೊಡೆಯಿತು. ಕರಾರುವಾಕ್ಕು ಅಂದರೆ ಕರಾರುವಾಕ್ಕು, ಬೋರ್ಡು ಮಾತ್ರ ಬೇರೆ. ಕುಣಿಯಲಾರದವಳಿಗೆ ನೆಲ ಡೊಂಕಾಗಿತ್ತು, ಇನ್ನು ಮೇಲೆ ಬೇಟೆಗಾರನಿಗೆ ವೈಫೈ ಡೊಂಕು.

ದೂರದಿಂದ ಯಾರೂ ಟ್ರಿಗರ್ ಎಳೆಯೋಕೆ ಆಗಲ್ಲ ಅನ್ನುವುದೊಂದೇ ಸಮಾಧಾನ. ಅದಕ್ಕೆ ಇನ್ನೂ ಮನುಷ್ಯನ ಬೆರಳೇ ಬೇಕು.

ಕಂಪನಿ ಏನು ಹೇಳಿತು ಗೊತ್ತಾ? ನೂರು ಅಡಿಯೊಳಗೆ ಹ್ಯಾಕರ್ ಯಾರೂ ಇಲ್ಲ ಅಂತ ನಿಮಗೆ ಖಾತ್ರಿ ಇದ್ದರೆ ವೈಫೈ ಬಳಸುತ್ತಾ ಇರಿ, ಅಂತ. ನಾನು ಸೇರಿಸಿ ಹೇಳುತ್ತಿಲ್ಲ, ಇದು ಅವರೇ ಗಿರಾಕಿಗಳಿಗೆ ಕೊಟ್ಟ ಸಲಹೆ. ಅರ್ಧ ಮೈಲಿ ಆಚೆಯ ಜಿಂಕೆಯನ್ನು ಲೇಸರ್ ಅಳೆದುಕೊಡುತ್ತದೆ. ಪೊದೆಯ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತವನನ್ನು ಮಾತ್ರ ನಾವೇ ಕತ್ತು ಚಾಚಿ ಹುಡುಕಬೇಕು. ಹುಡುಕಿದರೂ ಹ್ಯಾಕರ್ ಅಂತ ಹಣೆ ಮೇಲೆ ಬರೆದಿರುತ್ತದಾ?

ದೋಷ ಸರಿಪಡಿಸಿದ ಸಾಫ್ಟ್‌ವೇರನ್ನು ಪೆನ್ ಡ್ರೈವ್‌ಗೆ ಹಾಕಿ ಅಂಚೆಯಲ್ಲಿ ಕಳಿಸುತ್ತೇವೆ ಅಂತಲೂ ಹೇಳಿದರು. ಸರಿ, ಆದರೆ ಅದನ್ನು ತಂದುಕೊಡುವ ಪೋಸ್ಟ್‌ಮ್ಯಾನ್ ನೂರು ಅಡಿಯೊಳಗೆ ಬರಲೇಬೇಕಲ್ಲ, ಅವನನ್ನು ಯಾರು ವಿಚಾರಿಸೋದು?