ಹುಣಸೆ ಬೀಜದ ಅಂಟಿಗೆ ಗಂಧಕ ಯಾಕೆ ಬೇಕು?

ಬಾಯಿಹುಣ್ಣು ಎದ್ದಾಗಲೆಲ್ಲ ಅವ್ವನದು ಒಂದೇ ದೂರು. "ಹಚ್ಚಿದ್ದು ನಿಲ್ಲವಲ್ದೋ ತಮ್ಮಾ." ಜೆಲ್ ಹಚ್ಚಿ ಐದು ನಿಮಿಷ ಆಗಿರುವುದಿಲ್ಲ, ಜೊಲ್ಲಿನ ಜೊತೆ ಹೊಟ್ಟೆ ಸೇರಿರುತ್ತದೆ. ಉರಿ ಇದ್ದಲ್ಲೇ ಇರುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಫಾರ್ಮಸಿ ಹುಡುಗರಿಗೆ ಪಾಠ ಮಾಡುತ್ತೇನೆ. ಔಷಧಿಯನ್ನು ಬಾಯಿಯ ಒಳಪೊರೆಗೆ ಅಂಟಿಸಿ ನಿಲ್ಲಿಸುವುದು ಹೇಗೆ ಅನ್ನುವುದೇ ವರ್ಷಗಳಿಂದ ನನ್ನ ತಲೆ ತಿನ್ನುತ್ತಿದೆ. ಅದಕ್ಕೆ ಬೇಕಾದ ಅಂಟು ನಮ್ಮ ಹಾವೇರಿ ಕಡೆ ಮನೆ ಅಂಗಳದಲ್ಲೇ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿದು ರಾಶಿ ಹಾಕಿದ ಬೀಜ! ಕಂಬಳಿ ನೇಯುವವರು ಅದನ್ನೇ ಅರೆದು ಕುದಿಸಿ ಗಂಜಿ ಹಚ್ಚುತ್ತಾರೆ.

ಇಷ್ಟು ಹೇಳಿದ ಕೂಡಲೇ ಜನ ಕೇಳುತ್ತಾರೆ. "ಬೀಜದ ಅಂಟನ್ನ ಹಂಗೇ ಕೊಡ್ರಿ ಸರ್, ನಡುವೆ ಕೆಮಿಕಲ್ ಯಾಕೆ?" ಈ ಮಾತನ್ನು ನಾನು ಒಪ್ಪುವುದಿಲ್ಲ.

ಬರಿ ಅಂಟು ನೀರು ಕುಡಿದು ಉಬ್ಬುತ್ತದೆ, ಆಮೇಲೆ ಜಾರುತ್ತದೆ. ಒಳಪೊರೆಯನ್ನು ಮುಚ್ಚಿರುವ ಲೋಳೆಯ ಮೇಲೆ ಅದರದು ಸಡಿಲ ಹಿಡಿತ. ಆದರೆ ಲೋಳೆಯಲ್ಲಿರುವ ಮ್ಯೂಸಿನ್ ಪ್ರೋಟೀನಿನಲ್ಲಿ ಗಂಧಕ ಇದೆ. ಅಂಟನ್ನು ಗಂಧಕ ಇರುವ ಥಯೋಗ್ಲೈಕಾಲಿಕ್ ಆಮ್ಲದ ಜೊತೆ ಬಿಸಿ ಮಾಡಿದರೆ ಅದಕ್ಕೂ ಗಂಧಕದ ಗುಂಪು ಕೂಡಿಕೊಳ್ಳುತ್ತದೆ. ಆಗ ಎರಡೂ ಕಡೆಯ ಗಂಧಕ ಬೆಸೆದುಕೊಳ್ಳುತ್ತದೆ. ನಮ್ಮ ಕೂದಲಿಗೆ ಗಟ್ಟಿತನ ಕೊಡುವುದೂ ಇದೇ ಡೈಸಲ್ಫೈಡ್ ಬಂಧ. ಆಸ್ಟ್ರಿಯಾದ ಔಷಧ ವಿಜ್ಞಾನಿ ಬರ್ನ್‌ಕಾಪ್ ಶ್ನೂರ್ಷ್ 1999ರಲ್ಲೇ ಹೀಗೆ ಗಂಧಕ ಸೇರಿಸಿದ ಪಾಲಿಮರ್‌ಗಳ, ಅಂದರೆ ಈ ಅಂಟಿನಂಥ ಉದ್ದ ಸರಪಳಿಯ ಅಣುಗಳ ಬಗ್ಗೆ ಬರೆದಿದ್ದರು.

ಲ್ಯಾಬಿನಲ್ಲಿ ಇದನ್ನು ನೋಡುವುದೇ ಒಂದು ಖುಷಿ. ಮಟನ್ ಅಂಗಡಿಯಿಂದ ತಂದ ಆಡಿನ ಕೆನ್ನೆಯ ಒಳಪೊರೆಯನ್ನು ಗಾಜಿಗೆ ಕಟ್ಟುತ್ತೇವೆ. ತಕ್ಕಡಿಯ ಒಂದು ಕಡೆಗೆ ಕಟ್ಟಿದ ಅಂಟಿನ ಮಾತ್ರೆಯನ್ನು ಅದರ ಮೇಲೆ ಒತ್ತಿ, ಇನ್ನೊಂದು ಕಡೆಯ ತಟ್ಟೆಗೆ ಹನಿಹನಿಯಾಗಿ ನೀರು ಬಿಡುತ್ತೇವೆ. ಬರಿ ಅಂಟಿನ ಮಾತ್ರೆ ಬೇಗ ಕಿತ್ತು ಬರುತ್ತದೆ. ಗಂಧಕ ಸೇರಿದ್ದು ಪೊರೆಯನ್ನೇ ಎಳೆದುಕೊಂಡು ಮೇಲೇಳುತ್ತದೆ. ಆಗ ಇಡೀ ಬ್ಯಾಚ್ ಉಸಿರು ಬಿಗಿಹಿಡಿದು ನಿಂತಿರುತ್ತದೆ.

ಭಯಪಡುವವರು ಕೆಮಿಕಲ್ ಅನ್ನುವ ಹೆಸರಿಗೆ ಭಯಪಡುವುದು ಬೇಡ. ಉಳಿದ ಆಮ್ಲವನ್ನು ಪೂರ್ತಿ ತೊಳೆದಿದ್ದೀರಾ ಅಂತ ಕೇಳಲಿ. ನಾನೂ ಹುಡುಗರನ್ನು ದಿನಾ ಅದನ್ನೇ ಕೇಳುತ್ತೇನೆ.

ಇನ್ನೊಂದು ತೊಡಕಿದೆ. ಗಾಳಿ ತಾಗಿದರೆ ಅಂಟಿನ ಗಂಧಕ ತನ್ನೊಳಗೇ ಜೋಡಿಯಾಗಿಬಿಡುತ್ತದೆ, ಲೋಳೆಯನ್ನು ಹಿಡಿಯಲು ಉಳಿಯುವುದಿಲ್ಲ. ಬಿಡಿಯಾಗಿ ಉಳಿದ ಗಂಧಕದ ಗುಂಪನ್ನು ಅಳೆಯುವ ಎಲ್ಮನ್ ರಿಯೇಜೆಂಟ್ ಹಾಕಿದಾಗ ಬರುವ ಹಳದಿ ಬಣ್ಣ ತೆಳುವಾದರೆ ಹಿಡಿತ ಕಡಿಮೆಯಾಗಿದೆ ಅಂತಲೇ ತಿಳಿಯಬೇಕು. ಮಾಡಿದ ವಾರದಲ್ಲೇ ಅಳೆದು ಪ್ರಾಜೆಕ್ಟ್ ಮುಗಿಸುವ ಅವಸರ ಜಾಸ್ತಿ ಆಗಿದೆ, ಅಲ್ವಾ? ಆರು ತಿಂಗಳು ಇಟ್ಟು ಮತ್ತೆ ಅಳೆಯಿರಿ ಅಂತ ನನ್ನ ಹಟ. ಈ ಬೇಸಿಗೆಯ ಬೀಜದಿಂದ ಮಾಡಿದ್ದನ್ನು ಡಬ್ಬಿಗೆ ಹಾಕಿ ಭದ್ರವಾಗಿ ಮುಚ್ಚಿಟ್ಟಿದ್ದೇವೆ. ದೀಪಾವಳಿ ಮುಗಿದ ಮೇಲೆ ತೆರೆಯುತ್ತೇವೆ.