ಪಿಎಚ್ 7ರಲ್ಲಿ ಗುಲಾಬಿ ಬರುವುದಿಲ್ಲ

ಕೊಡಗಿನ ಕಪ್ಪು ಹಣ್ಣಿನ ಹುಳಿಯಾದ ಕಾಚಂಪುಳಿಯಲ್ಲಿ ಆಮ್ಲ ಎಷ್ಟಿದೆ ಎಂದು, ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಶಾಲಾ ಪ್ರಯೋಗದ ಲೇಖನ ಚೆನ್ನಾಗಿದೆ. ಆದರೆ ‘ದ್ರಾವಣ ತಟಸ್ಥವಾದ ಕೂಡಲೇ ಫಿನಾಫ್ತಲೀನ್ ಗುಲಾಬಿಯಾಗುತ್ತದೆ’ ಎಂಬ ಸಾಲು ತಪ್ಪು. ತಟಸ್ಥ ಎಂದರೆ ಪಿಎಚ್ (ಆಮ್ಲತೆಯ ಅಳತೆ) 7. ಅಲ್ಲಿ, ಬಣ್ಣ ಬದಲಿಸಿ ಸುಳಿವು ಕೊಡುವ ಈ ಸೂಚಕಕ್ಕೆ ಬಣ್ಣವೇ ಇಲ್ಲ. ಗುಲಾಬಿ ಶುರುವಾಗುವುದು 8.2ರ ಸುಮಾರಿಗೆ. ಸೂಚಕವೂ ಒಂದು ದುರ್ಬಲ ಆಮ್ಲವೇ. ಪ್ರತ್ಯಾಮ್ಲವು ಅದರ ಹೈಡ್ರೋಜನ್ ಅಯಾನನ್ನು ಕಿತ್ತುಕೊಂಡಾಗ ಅಣುವಿನ ರಚನೆ ಬದಲಾಗುತ್ತದೆ, ಬೆಳಕು ಹೀರುವ ರೀತಿಯೂ ಬದಲಾಗುತ್ತದೆ. ಎರಡು ಹನಿ ಸಾಕು ಅನ್ನುವುದೂ ಇದಕ್ಕೇ. ಜಾಸ್ತಿ ಸುರಿದರೆ ಸೂಚಕವೇ ಒಂದಿಷ್ಟು ಪ್ರತ್ಯಾಮ್ಲ ನುಂಗಿಬಿಡುತ್ತದೆ.

ಹಣ್ಣಿನ ಹುಳಿಯಂಥ ದುರ್ಬಲ ಆಮ್ಲಕ್ಕೆ ಫಿನಾಫ್ತಲೀನೇ ಸರಿ. ಮೀಥೈಲ್ ಆರೆಂಜ್ ಎಂಬ ಇನ್ನೊಂದು ಸೂಚಕ ಪಿಎಚ್ 3.1ರಿಂದ 4.4ರೊಳಗೇ ಬಣ್ಣ ಬದಲಿಸುವುದರಿಂದ ಆಮ್ಲ ಇನ್ನೂ ಉಳಿದಿರುವಾಗಲೇ ಮುಗಿಯಿತು ಅನಿಸುತ್ತದೆ.

ಅಸಲು ಕಷ್ಟ ಕಾಚಂಪುಳಿಯ ಕಪ್ಪು ಬಣ್ಣದ್ದು. ಹಾಗೇ ಹಾಕಿದರೆ ಗುಲಾಬಿ ಕಾಣುವುದೇ ಇಲ್ಲ. 1 ಮಿ.ಲೀ.ಗೆ ಕುದಿಸಿ ಆರಿಸಿದ ನೀರು 100 ಮಿ.ಲೀ. ಬೆರೆಸಿ, ಇನ್ನೂ ಕಂದಾಗಿದ್ದರೆ ಮತ್ತಷ್ಟು ತೆಳು ಮಾಡಿ. ಫ್ಲಾಸ್ಕಿನಡಿ ಬಿಳಿ ಟೈಲ್ಸ್, ಪಕ್ಕದಲ್ಲಿ ಹೋಲಿಕೆಗೆ ಸೂಚಕ ಹಾಕದ ಅದೇ ದ್ರಾವಣ ಇರಲಿ. ತೆಳು ಗುಲಾಬಿ 30 ಸೆಕೆಂಡು ನಿಂತರೆ ಪ್ರತ್ಯಾಮ್ಲ ಹನಿಸುವ ಬ್ಯೂರೆಟ್ ಮುಚ್ಚಿ. ಆಮೇಲೆ ಮಾಸಿದರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೆಲಸ, ಮತ್ತೆ ಹನಿ ಬಿಡಬೇಡಿ.

ಇನ್ನೊಂದು, ಮಡಿಕೇರಿಯ ಮಳೆಗಾಲದಲ್ಲಿ ಪ್ರತ್ಯಾಮ್ಲವಾದ ಸೋಡಿಯಂ ಹೈಡ್ರಾಕ್ಸೈಡಿನ ತೂಕವನ್ನು ನಂಬಲೇಬೇಡಿ. ಡಬ್ಬಿ ತೆರೆದಿಟ್ಟರೆ ತೂಗುವಷ್ಟರಲ್ಲೇ ಹರಳು ಒದ್ದೆಯಾಗಿ ಮಿನುಗುತ್ತದೆ. ಅದರ ದ್ರಾವಣವನ್ನು ಮೊದಲು ಸಾರತೆ (ಎಷ್ಟು ಗಾಢ ಎಂಬುದು) ಗೊತ್ತಿರುವ ಆಕ್ಸಾಲಿಕ್ ಆಮ್ಲದ ದ್ರಾವಣದೊಂದಿಗೆ ತಾಳೆ ನೋಡಿ, ನಂತರ ಕಾಚಂಪುಳಿಗೆ ಕೈಹಾಕಿ.